ಎಡಗೈಯವರಿಗೆ ಕೋವಿ ಮರ: ಬದಲಿಸೋ ಮುನ್ನ ಇಷ್ಟು ತಿಳಿದಿರಲಿ

ಮಡಿಕೇರಿ: ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಒರೆಸುವ ಕೆಲಸ ಶುರು. ತೋಕ್ ಪೂ ಸಿಕ್ಕಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು. ಈ ಸಂಭ್ರಮದಲ್ಲಿ ಪ್ರತಿ ವರ್ಷ ಪೆಚ್ಚು ಮೋರೆ ಹಾಕೋರು ಎಡಗೈಯವರು. ಗುರಿ ಸರಿ ಇಟ್ಟರೂ ಗುಂಡು ಪಕ್ಕಕ್ಕೆ ಹೋಗುತ್ತೆ, ಕೆನ್ನೆಗೆ ಪೆಟ್ಟು ಬೀಳುತ್ತೆ. "ಬಲಗೈಲಿ ಹೊಡಿ, ಅಭ್ಯಾಸ ಆಗುತ್ತೆ" ಅನ್ನೋದು ಮನೆಯ ಹಿರಿಯರ ಮಾತು. ತಪ್ಪು ಹೊಡೆಯೋರದ್ದಲ್ಲ, ಬಹುತೇಕ ಸಲ ಅದು ಕೋವಿಯ ಮರದ್ದು, ಅಂದರೆ ಸ್ಟಾಕ್‌ನದ್ದು.

ಮರದಲ್ಲಿ ಎಡ-ಬಲ ಯಾಕೆ?

12 ಬೋರ್ ಕೋವಿಗೆ ರೈಫಲ್ ತರಹ ಹಿಂದಿನ ಸೈಟ್ ಇರಲ್ಲ. ನಳಿಗೆಯ ತುದಿಯಲ್ಲಿ ಒಂದು ಮಣಿ, ಅಷ್ಟೇ. ಹೊಡೆಯೋರ ಕಣ್ಣೇ ಹಿಂದಿನ ಸೈಟ್. ಕಣ್ಣು ನಳಿಗೆಯ ನಡುಗೆರೆಯ ಮೇಲೆ ಕೂರಬೇಕು ಅಂತಾನೇ ಬಹಳಷ್ಟು ಕೋವಿಗಳ ಮರವನ್ನು ಸ್ವಲ್ಪ ಬಲಕ್ಕೆ ವಾಲಿಸಿರ್ತಾರೆ. ಇದಕ್ಕೆ ಕಾಸ್ಟ್ ಆಫ್ ಅಂತಾರೆ. ಹಿಮ್ಮಡಿ ಕಡೆ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್. ಎಡಗೈಯವರಿಗೆ ಇದೇ ವಾಲು ಎಡಕ್ಕೆ ಇರಬೇಕು. ಅದು ಕಾಸ್ಟ್ ಆನ್.

ಬಲಗೈ ಮರವನ್ನು ಎಡ ಹೆಗಲಿಗಿಟ್ಟರೆ ನಳಿಗೆ ಮುಖದಿಂದ ದೂರ ಸರಿಯುತ್ತೆ. ಎಡಗಣ್ಣು ನಡುಗೆರೆಯಿಂದ ಬಲಕ್ಕೆ ಉಳಿಯುತ್ತೆ, ಗುಂಡೂ ಬಲಕ್ಕೇ ಹೋಗುತ್ತೆ. ಲೆಕ್ಕ ನೋಡಿ: ಕಣ್ಣಿಂದ ಮಣಿಗೆ ಸುಮಾರು 1 ಮೀಟರ್. ಕಣ್ಣು 3 ಮಿಲಿಮೀಟರ್ ತಪ್ಪಿದರೆ 30 ಮೀಟರ್ ದೂರದಲ್ಲಿ ಸುಮಾರು 9 ಸೆಂಟಿಮೀಟರ್ ತಪ್ಪು. ಸುಲಿದ ತೆಂಗಿನಕಾಯಿಯ ಅಗಲ ಹೆಚ್ಚುಕಮ್ಮಿ ಅಷ್ಟೇ. ಕತ್ತು ಚಾಚಿ ಸರಿ ಮಾಡೋಕೆ ಹೋದರೆ ಕೆನ್ನೆ ಮೂಳೆ ಮರದ ಅಂಚಿಗೆ ಬರುತ್ತೆ. ಒದೆತದ ಪೆಟ್ಟು ಬೀಳೋದು ಅಲ್ಲೇ.

ಮೊದಲು ಕಣ್ಣು ನೋಡಿ

ದುಡ್ಡು ಖರ್ಚು ಮಾಡೋ ಮುನ್ನ ಒಂದು ಪರೀಕ್ಷೆ. ಎರಡೂ ಕೈ ಮುಂದೆ ಚಾಚಿ, ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ಬಲ್ಬ್ ನೋಡಿ. ಈಗ ಎಡಗಣ್ಣು ಮುಚ್ಚಿ. ಬಲ್ಬ್ ಮಾಯವಾದರೆ ಎಡಗಣ್ಣೇ ಯಜಮಾನ, ಉಳಿದರೆ ಬಲಗಣ್ಣು. ಬರೆಯೋದು ಎಡಗೈಲಾದರೂ ಬಲಗಣ್ಣು ಮುಂದಿರೋರು ಇದ್ದಾರೆ, ಇದರ ಉಲ್ಟಾ ಕೂಡ. ಕೈ, ಕಣ್ಣು ಎರಡೂ ಎಡ ಆಗಿದ್ದರೆ ಎಡಗೈ ಮರಕ್ಕೆ ಕೈ ಹಾಕಬಹುದು. ಬಲಗಣ್ಣು ಯಜಮಾನ ಆದೋರು ಬಲ ಹೆಗಲಿನ ಅಭ್ಯಾಸ ಮಾಡಿ ನೋಡೋದು ಒಳ್ಳೇದು.

ಮರ ಬದಲಿಸದೆ ಆಗುತ್ತಾ?

ಕೆಲವು ಸಲ ಆಗುತ್ತೆ. ಬೆರೆಟ್ಟಾ, ಬೆನೆಲ್ಲಿಯಂಥ ಕಂಪನಿಗಳ ಹಲವು ಆಟೋ ಕೋವಿಗಳ ಜೊತೆ ಶಿಮ್ ಎಂಬ ತೆಳು ಬಿಲ್ಲೆಗಳು ಬರ್ತವೆ. ಅದನ್ನು ತಿರುಗಿಸಿ ಹಾಕಿದರೆ ವಾಲು ಎಡಕ್ಕೆ ಬರುತ್ತೆ. ಆದರೆ ಇಂಥ ಕೋವಿಗಳಲ್ಲಿ ಖಾಲಿ ತೋಟಾ ಬಲಕ್ಕೆ ಹಾರೋದು ಎಡಗೈಯವರ ಮುಖದ ಮುಂದೆಯೇ. ಅದು ಮರದಿಂದ ಸರಿಯಾಗಲ್ಲ, ಕನ್ನಡಕ ಹಾಕಲೇಬೇಕು.

ಹಳೇ ಜೋಡಿನಳಿಗೆ ಕೋವಿಯ ಮರವನ್ನು ಬಿಸಿ ಎಣ್ಣೆ ಅಥವಾ ಹಬೆ ಕೊಟ್ಟು ಕುತ್ತಿಗೆ ಭಾಗದಲ್ಲಿ ಬಗ್ಗಿಸೋದೂ ಇದೆ. ಅನುಭವಿ ಗನ್‌ಸ್ಮಿತ್ ಮಾತ್ರ ಮಾಡಬೇಕಾದ ಕೆಲಸ. ಮರದ ಎಳೆ ಅಡ್ಡ ಹೋಗಿದ್ದರೆ ಕುತ್ತಿಗೆ ಸೀಳುತ್ತೆ. ಬಗ್ಗಿದ ಮರ ದಿನ ಕಳೆದಂತೆ ಸ್ವಲ್ಪ ಹಿಂದಕ್ಕೆ ಮರಳೋದೂ ಉಂಟು.

ಬೋಲ್ಟ್ ಜಾತಿ, ಸ್ಕ್ರೂ ಜಾತಿ

ಬದಲಿ ಮರ ಹುಡುಕೋ ಮುನ್ನ ನಿಮ್ಮ ಕೋವಿ ಯಾವ ಜಾತಿ ಅಂತ ತಿಳ್ಕೊಳ್ಳಿ. ಮೇಲೆ-ಕೆಳಗೆ ನಳಿಗೆ ಇರೋ ಹೊಸ ಕೋವಿ, ಪಂಪ್ ಕೋವಿ, ಇವುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಪ್ಯಾಡ್ ಬಿಚ್ಚಿದರೆ ಒಳಗೆ ಉದ್ದದ ಬೋಲ್ಟ್ ಸಿಗುತ್ತೆ. ಮರ ನಿಂತಿರೋದು ಅದರ ಮೇಲೆ. ಇಂಥವಕ್ಕೆ ಅದೇ ಮಾಡೆಲ್‌ನ ಎಡಗೈ ಮರ ಸಿಕ್ಕರೆ ಕೂರಿಸೋದು ಸುಲಭ.

ಅಕ್ಕಪಕ್ಕ ನಳಿಗೆಯ ಹಳೇ ಇಂಗ್ಲಿಷ್ ಕೋವಿಗಳ ಕಥೆ ಬೇರೆ. ಅಲ್ಲಿ ಮರವನ್ನು ಹಿಡಿದಿರೋದು ಮೇಲಿನ-ಕೆಳಗಿನ ಪಟ್ಟಿಗಳ ಸ್ಕ್ರೂಗಳು. ಒಂದೊಂದು ಮರವನ್ನೂ ಕೈಯಲ್ಲೇ ಕೆತ್ತಿ ಕೂರಿಸಿರ್ತಾರೆ. ಒಂದೇ ಕಂಪನಿಯ ಎರಡು ಕೋವಿಗಳ ಮರ ಅದಲುಬದಲು ಮಾಡಿದರೂ ಕೂರಲ್ಲ. ಇದಕ್ಕೆ ಅರೆಕೆತ್ತಿದ ಮರ ತಂದು ಕೂರಿಸಬೇಕು. ಲೋಹಕ್ಕೆ ದೀಪದ ಮಸಿ ಹಚ್ಚಿ, ಮರಕ್ಕೆ ಒತ್ತಿ, ಕಪ್ಪು ಬಿದ್ದ ಕಡೆ ಮಾತ್ರ ಕೆರೆದು, ಮತ್ತೆ ಒತ್ತಿ ನೋಡೋದು. ದಿನಗಟ್ಟಲೆ ಹಿಡಿಯುತ್ತೆ. ಒದೆತ ಹೊರೋ ಮುಖ ಎರಡೂ ಕಡೆ ಸಮನಾಗಿ ತಾಗಬೇಕು, ಪಟ್ಟಿಯ ಹಿಂತುದಿಯಲ್ಲಿ ಕೂದಲೆಳೆ ಜಾಗ ಬಿಡಬೇಕು. ಜಾಗ ಬಿಡದಿದ್ದರೆ ಪಟ್ಟಿಯೇ ಬೆಣೆಯಂತೆ ಮರವನ್ನು ಸೀಳುತ್ತೆ.

ಎರಡು ಟ್ರಿಗರ್ ಇರೋ ಕೋವಿಯಲ್ಲಿ ಮುಂದಿನದು ಸ್ವಲ್ಪ ಬಲಕ್ಕಿರುತ್ತೆ, ತೆರೆಯುವ ಲಿವರ್ ಕೂಡ ಬಲಗೈಗೆ ಮಾಡಿದ್ದು. ಮರ ಬದಲಿಸಿದರೆ ಇವು ಬದಲಾಗಲ್ಲ. ಅಭ್ಯಾಸದಿಂದ ಹೊಂದಿಕೆ ಆಗುತ್ತೆ.

ಯಾವ ಮರ, ಯಾವ ಅಳತೆ?

ಕೋವಿಗೆ ಅಕ್ರೋಟ್ ಮರವೇ ಸರಿ. ಹಗುರ, ಗಟ್ಟಿ, ಒದೆತ ತಡೆಯುತ್ತೆ. ತೋಟದಲ್ಲಿ ಬಿದ್ದಿರೋ ತೇಗ, ಬೀಟೆ ಸಾಕಲ್ವಾ ಅಂತ ಕೇಳೋರಿದ್ದಾರೆ. ತೇಗ ಎಳೆಯುದ್ದಕ್ಕೆ ಸುಲಭವಾಗಿ ಸೀಳುತ್ತೆ. ಬೀಟೆ ಭಾರ, ಜೊತೆಗೆ ಅರಣ್ಯ ಇಲಾಖೆಯ ಅನುಮತಿಯ ಪ್ರಶ್ನೆ. ಮರ ಯಾವುದಾದರೂ ಚೆನ್ನಾಗಿ ಒಣಗಿರಬೇಕು. ನಮ್ಮ ಮಳೆಗಾಲದಲ್ಲಿ ಹಸಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಸ್ಕ್ರೂ ಸಡಿಲ ಮಾಡುತ್ತೆ.

ಆರ್ಡರ್ ಕೊಡೋವಾಗ ಕಂಪನಿ, ಮಾಡೆಲ್, ಬೋರ್ ಬರೆದು ಕೊಡಿ. ಜೊತೆಗೆ ಟ್ರಿಗರ್‌ನಿಂದ ಹಿಮ್ಮಡಿವರೆಗಿನ ಉದ್ದ, ನಡುಗೆರೆಯಿಂದ ಮರದ ಮೂಗು ಮತ್ತು ಹಿಮ್ಮಡಿ ಎಷ್ಟು ಕೆಳಗಿವೆ, ಎಷ್ಟು ವಾಲು, ಈ ಅಳತೆಗಳು ಬೇಕು. ಉದ್ದ ದೊಡ್ಡವರಿಗೆ ಸಾಮಾನ್ಯವಾಗಿ 14ರಿಂದ 14.5 ಇಂಚು. ಕುಳ್ಳಗಿರೋರಿಗೆ, ಹೆಣ್ಣುಮಕ್ಕಳಿಗೆ ಕಮ್ಮಿ ಬೇಕಾಗಬಹುದು.

ಕಾನೂನು ಮರೆಯಬೇಡಿ

ಅರ್ಹ ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ 2029ರ ಅಕ್ಟೋಬರ್ 31ರವರೆಗೆ ವಿನಾಯಿತಿ ಇದೆ. ಆದರೆ ಅದು ಕೋವಿ ಇಟ್ಟುಕೊಳ್ಳೋದಕ್ಕೆ, ಒಯ್ಯೋದಕ್ಕೆ. ರಿಪೇರಿ ಮಾಡೋರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರಡಿ ಲೈಸೆನ್ಸ್ ಬೇಕೇ ಬೇಕು. ಊರಿನ ಬಡಗಿ ಎಷ್ಟೇ ಒಳ್ಳೇ ಕೆಲಸಗಾರ ಆಗಿರಲಿ, ಅವರ ಅಂಗಡೀಲಿ ಕೋವಿ ಬಿಟ್ಟು ಬಂದರೆ ಕೇಸ್ ಆಗೋದು ಇಬ್ಬರ ಮೇಲೂ. ಕೋವಿಯ ಭಾಗಗಳೂ ಕಾಯ್ದೆಯಲ್ಲಿ ಆಯುಧದ ವ್ಯಾಖ್ಯೆಯೊಳಗೆ ಬರ್ತವೆ. ಹೊರದೇಶದಿಂದ ಮರ ತರಿಸೋ ಯೋಚನೆ ಇದ್ದರೆ ಮೊದಲು ಡಿಸಿ ಕಚೇರಿಯಲ್ಲಿ ವಿಚಾರಿಸಿ. ಕೋವಿ ಒಯ್ಯೋವಾಗ ಲೈಸೆನ್ಸ್ ಅಥವಾ ವಿನಾಯಿತಿ ಪತ್ರ ಜೊತೆಗಿರಲಿ. ಗನ್‌ಸ್ಮಿತ್ ಹತ್ತಿರ ರಸೀದಿ ಬರೆಸಿಕೊಳ್ಳಿ.

ವಾಪಸ್ ತರೋವಾಗ

ಕೋವಿ ಖಾಲಿ ಇದೆಯಾ ಅಂತ ಮೊದಲು ನೋಡಿ. ಆಮೇಲೆ ಅಲ್ಲೇ, ಗನ್‌ಸ್ಮಿತ್ ಎದುರಿಗೇ ಡಮ್ಮಿ ತೋಟಾ ಹಾಕಿ ಪರೀಕ್ಷಿಸಿ. ಟ್ರಿಗರ್ ಮರಕ್ಕೆ ಉಜ್ಜಬಾರದು, ಬಿಟ್ಟ ಕೂಡಲೇ ಮುಂದಕ್ಕೆ ಮರಳಬೇಕು. ಸೇಫ್ಟಿ ಪೂರ್ತಿ ಹಿಂದೆ-ಮುಂದೆ ಸರಿಯಬೇಕು. ಹಿಮ್ಮಡಿಗೆ ಅಂಗೈಯಿಂದ ಗುದ್ದಿದರೆ ಕುದುರೆ ಬೀಳಬಾರದು. ಬಿದ್ದರೆ ಆ ಕೋವಿಗೆ ಜೀವಂತ ತೋಟಾ ಹಾಕಲೇಬೇಡಿ, ಕೆಳಗೆ ಬಿದ್ದರೆ ತಾನಾಗಿ ಹಾರೋ ಕೋವಿ ಅದು. ಎಲ್ಲಾ ಸರಿ ಇದ್ದರೆ ಅನುಮತಿ ಇರೋ ರೇಂಜ್‌ನಲ್ಲಿ ದೊಡ್ಡ ಕಾಗದಕ್ಕೆ ಒಂದೇ ಗುರಿಯಿಟ್ಟು ಐದು ಗುಂಡು ಹೊಡೆದು, ಎತ್ತ ಸರಿದಿದೆ ನೋಡಿ.

ಹತ್ತಾರು ಗುಂಡಿನ ನಂತರ ಮತ್ತು ಪ್ರತಿ ಮಳೆಗಾಲ ಮುಗಿದ ಮೇಲೆ ಸ್ಕ್ರೂಗಳನ್ನು ಒಮ್ಮೆ ನೋಡಿ. ಸಡಿಲ ಮರವೇ ಬಿರುಕಿನ ಮೂಲ. ತೆಗೆದ ಹಳೇ ಮರವನ್ನು ಮಾತ್ರ ಒಲೆಗೆ ಹಾಕ್ಬೇಡಿ, ಮಾರಲೂಬೇಡಿ. ಒಕ್ಕದ ಕೋವಿ ನಾಳೆ ಬಲಗೈ ಮೊಮ್ಮಗನ ಹೆಗಲಿಗೂ ಹೋಗಬಹುದು. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಒಣ ಜಾಗದಲ್ಲಿ ಇಡಿ.