ಗಾಳಿ ತಡೆದಷ್ಟೂ ಹೆಚ್ಚುವ ವೇಗ

1975ರ ಆಗಸ್ಟ್‌ನಲ್ಲಿ ಶುರುವಾದ ‘ಸೈಟ್’ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿರುವ ಗುಲಬರ್ಗಾ ಜಿಲ್ಲೆಯೂ ಸೇರಿತ್ತು. ಆಯ್ದ ಹಳ್ಳಿಗಳಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮಗಳನ್ನು ಮುಟ್ಟಿಸಿದ್ದು ಅಮೆರಿಕದ ಎಟಿಎಸ್-6 ಉಪಗ್ರಹ. ಅದಿದ್ದದ್ದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿ ಗಾಳಿಯ ಕಾಟವಿಲ್ಲ; ಕೆಲಸ ಮುಗಿದು ದಶಕಗಳಾದರೂ ಅದು ಇನ್ನೂ ಮೇಲೆಯೇ ಸುತ್ತುತ್ತಿದೆ.

ಅದೇ ವರ್ಷ ಏಪ್ರಿಲ್ 19ರಂದು ಹಾರಿದ ನಮ್ಮ ಆರ್ಯಭಟ ಮಾತ್ರ ಈಗಿಲ್ಲ. ಉಡುಪಿ ಸೀಮೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡ ಈ 360 ಕೆ.ಜಿ. ಉಪಗ್ರಹ ಸುಮಾರು 600 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿತ್ತು. ಅಲ್ಲಿನ ಗಾಳಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಆದರೂ ಸುಮಾರು ಹದಿನೇಳು ವರ್ಷ ಬಿಡದೆ ಉಜ್ಜಿ ಉಜ್ಜಿ, 1992ರ ಫೆಬ್ರುವರಿಯಲ್ಲಿ ಅದನ್ನು ಕೆಳಗೆಳೆದೇ ಬಿಟ್ಟಿತು.

ಗಾಳಿ ತಡೆದರೆ ವೇಗ ಕುಗ್ಗಬೇಕಲ್ಲವೇ? ಇಲ್ಲಿ ನಡೆಯುವುದು ತದ್ವಿರುದ್ಧ. 600 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 7.56 ಕಿ.ಮೀ. ಓಡುವ ಉಪಗ್ರಹ, 200 ಕಿ.ಮೀ.ಗೆ ಇಳಿಯುವಾಗ 7.78 ಕಿ.ಮೀ. ಓಡುತ್ತದೆ. ಗಾಳಿಗೆ ತಾಗಿದಾಗ ಅದರ ದಾರಿ ತುಸು ಕೆಳಮುಖವಾಗುತ್ತದೆ. ಆಗ ಭೂಮಿಯ ಸೆಳೆತದ ಒಂದು ಪಾಲು ಅದನ್ನು ಮುಂದಕ್ಕೂ ಎಳೆಯುತ್ತದೆ. ಲೆಕ್ಕ ಹಾಕಿದರೆ ಈ ಮುಂದಿನ ಎಳೆತ ಗಾಳಿಯ ತಡೆಗಿಂತ ಎರಡು ಪಟ್ಟು! ಎತ್ತರ ಕಳೆದುಕೊಂಡು ಎರಡು ರೂಪಾಯಿಯಷ್ಟು ಪ್ರಚ್ಛನ್ನ ಶಕ್ತಿ ಕೈಬಿಟ್ಟರೆ, ಒಂದು ರೂಪಾಯಿ ಗಾಳಿಗೆ ಶಾಖವಾಗಿ ಹೋಗುತ್ತದೆ, ಇನ್ನೊಂದು ವೇಗವಾಗಿ ಉಪಗ್ರಹಕ್ಕೇ ಮರಳುತ್ತದೆ. ಒಟ್ಟು ಶಕ್ತಿ ಇಳಿಯಿತು, ವೇಗ ಏರಿತು. ಎರಡೂ ನಿಜ. ಕಕ್ಷಾ ವಿಜ್ಞಾನದಲ್ಲಿ ನನಗೆ ಇದಕ್ಕಿಂತ ಚೆಂದದ ಲೆಕ್ಕ ಇನ್ನೊಂದು ಕಂಡಿಲ್ಲ.

ಕೆಳಗಿಳಿದಷ್ಟೂ ಗಾಳಿ ದಟ್ಟ, ಹಾಗಾಗಿ ಕೊನೆಯ ಇಳಿತ ಬಿರುಸು. ಸೂರ್ಯ ಕೆರಳಿದರೆ ಮೇಲಣ ವಾತಾವರಣ ಕಾದು ಉಬ್ಬಿ, ತಡೆ ಇನ್ನೂ ಹೆಚ್ಚುತ್ತದೆ. 2022ರ ಫೆಬ್ರುವರಿಯಲ್ಲಿ ಆಗಷ್ಟೇ ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಇಂಥದೇ ಸೌರ ಬಿರುಗಾಳಿಗೆ ಸಿಕ್ಕಿ ಉರಿದುಹೋದವು.

ಗಾಳಿಯ ಈ ಗುಣವನ್ನು ಇಸ್ರೋ ಒಳ್ಳೆಯದಕ್ಕೆ ಬಳಸಿಕೊಂಡಿದೆ. 2007ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-2 ತಾನಾಗಿ ಬೀಳಲು ಸುಮಾರು 30 ವರ್ಷ ಬೇಕಿತ್ತು. ಉಳಿದ ಇಂಧನದಿಂದ ಅದರ ಕಕ್ಷೆಯನ್ನು 2020ರಲ್ಲಿ ತಗ್ಗಿಸಿ, ಮಿಕ್ಕ ಕೆಲಸವನ್ನು ಗಾಳಿಗೆ ಬಿಟ್ಟರು. 2024ರ ಫೆಬ್ರುವರಿ 14ರಂದು ಅದು ಹಿಂದೂ ಮಹಾಸಾಗರದ ಮೇಲೆ ವಾತಾವರಣ ಹೊಕ್ಕಿತು. ಕೆಳ ಕಕ್ಷೆಗೆ ಉಪಗ್ರಹ ಹಾರಿಸುವವರೆಲ್ಲ ಕೊನೆಗಾಲಕ್ಕೆಂದು ಇಷ್ಟು ಇಂಧನ ಉಳಿಸಿಡಲೇಬೇಕು.