ಮಾಲೀಕನ ಸಂಬಳವೂ ಖರ್ಚೇ

ಕುದ್ರೋಳಿ, ಅಳಕೆ, ಬಂದರು ಪರಿಸರದ ಅನೇಕ ವ್ಯಾಪಾರಗಳಲ್ಲಿ ಅಂಗಡಿಗೂ ಮನೆಗೂ ಗಲ್ಲಾಪೆಟ್ಟಿಗೆ ಒಂದೇ. ವರ್ಷಾಂತ್ಯದಲ್ಲಿ ಕಾಣುವ ಲಾಭವು ನೈಜವೇ ಎಂಬುದನ್ನು ಪರಿಶೀಲಿಸುವುದು ಅವಶ್ಯ.

ಉದಾಹರಣೆಗೆ, ಬೇಕರಿಯೊಂದರ ವಾರ್ಷಿಕ ಲಾಭ ರೂ. 3,60,000 ಎನ್ನೋಣ. ಮಾಲೀಕನ ಕೆಲಸವನ್ನು ಅನ್ಯರಿಂದ ಮಾಡಿಸಿದರೆ ತಿಂಗಳಿಗೆ ರೂ. 25,000 ಕೊಡಬೇಕು, ಸ್ವಂತ ಕಟ್ಟಡಕ್ಕೆ ತಿಂಗಳಿಗೆ ರೂ. 8,000 ಬಾಡಿಗೆ ಬರುತ್ತಿತ್ತು. ಇವೆರಡನ್ನೂ ಕಳೆದರೆ ರೂ. 36,000 ನಷ್ಟ! ಈ ಸ್ಥಿತಿಯಲ್ಲಿ ಸಾಲ ಮಾಡಿ ಎರಡನೆಯ ಶಾಖೆ ತೆರೆಯುವುದೆಂದರೆ ನಷ್ಟವನ್ನು ವಿಸ್ತರಿಸಿದಂತೆಯೇ ಸರಿ.

ಆದುದರಿಂದ ಪ್ರತಿ ತಿಂಗಳು ನಿಗದಿತ ಮೊತ್ತವನ್ನು ವ್ಯಾಪಾರದ ಖಾತೆಯಿಂದ ಸ್ವಂತ ಖಾತೆಗೆ ವರ್ಗಾಯಿಸಿರಿ. ಮೊತ್ತ ಅಲ್ಪವಾದರೂ ಕ್ರಮ ತಪ್ಪದಿರಲಿ. ಸರಕಿನ ಬೆಲೆ ಕಟ್ಟುವಾಗಲೂ ಅದನ್ನು ಸೇರಿಸಿರಿ.

ತೆರಿಗೆಯ ಲೆಕ್ಕ ಬೇರೆ. ಏಕಮಾಲೀಕತ್ವದಲ್ಲಿ ಮಾಲೀಕನ ಸಂಬಳವು ಕೇವಲ ಡ್ರಾಯಿಂಗ್ಸ್, ಅದಕ್ಕೆ ಕಡಿತವಿಲ್ಲ. ಪಾಲುದಾರಿಕೆಯಲ್ಲಿ, ಒಪ್ಪಂದಪತ್ರದಲ್ಲಿ ನಮೂದಾಗಿದ್ದರೆ, ದುಡಿಯುವ ಪಾಲುದಾರರ ಸಂಬಳಕ್ಕೆ ಮಿತಿಗೊಳಪಟ್ಟು ಕಡಿತವುಂಟು. 2024ರ ತಿದ್ದುಪಡಿಯಂತೆ ಪುಸ್ತಕಲಾಭದ ಮೊದಲ ರೂ. 6 ಲಕ್ಷಕ್ಕೆ ಶೇ. 90 ಅಥವಾ ರೂ. 3 ಲಕ್ಷ, ಇವುಗಳಲ್ಲಿ ಹೆಚ್ಚಿನದು; ಉಳಿದುದಕ್ಕೆ ಶೇ. 60. ಪಾಲುದಾರನೊಬ್ಬನಿಗೆ ಸಂಬಳ, ಬಡ್ಡಿ ಮುಂತಾದುವು ಸೇರಿ ವರ್ಷಕ್ಕೆ ರೂ. 20,000 ಮೀರಿದರೆ 1-4-2025ರಿಂದ ಶೇ. 10 ಟಿ.ಡಿ.ಎಸ್. ಕಡ್ಡಾಯವಾಗಿದೆ. ಹಳೆಯ ಒಪ್ಪಂದಪತ್ರಗಳನ್ನು ಈಗಲೇ ಪರಿಶೀಲಿಸಿಕೊಳ್ಳುವುದು ಒಳಿತು.