ಕಾರಿನ ನೆಲಕ್ಕೆ ಅಂಟಿದ ಕಪ್ಪು ಹಾಳೆ

ಥಾಮಸ್ ಎಡಿಸನ್ 1877ರಲ್ಲಿ ನ್ಯೂಜೆರ್ಸಿಯ ಮೆನ್ಲೊ ಪಾರ್ಕ್‌ನಲ್ಲಿ ಫೋನೋಗ್ರಾಫ್ ರೂಪಿಸಿ, ಸದ್ದನ್ನು ಹಿಡಿದಿಟ್ಟರು. ಆ ಜಾಗ ಇರೋ ಊರು 1954ರಲ್ಲಿ ಅವರ ಹೆಸರನ್ನೇ ಇಟ್ಟುಕೊಳ್ತು. ಇವತ್ತಿನ ಪ್ರಶ್ನೆ ಅದೇ ಎಡಿಸನ್‌ನಿಂದ ಬಂದಿದೆ. ಆದರೆ ಇದು ಸದ್ದನ್ನು ಅಡಗಿಸೋ ವಸ್ತುವಿನ ಬಗ್ಗೆ: ಹಳೆ ಕಾರಿನ ಕಾರ್ಪೆಟ್ ಎತ್ತಿದರೆ ಕೆಳಗೆ ಕಪ್ಪು ಹಾಳೆ, ಅದರ ಅಂಚಲ್ಲಿ ತುಕ್ಕು. ಇದನ್ನ ತೆಗೆಯೋದು ಹೇಗೆ?

ಮೊದಲು, ಅದು ಅಲ್ಲಿ ಯಾಕಿದೆ? ಜಾಗಟೆ ಬಾರಿಸಿ ಕೈಯಿಟ್ಟರೆ ನಾದ ತಟ್ಟನೆ ನಿಲ್ಲುತ್ತಲ್ವಾ? ಕಾರಿನ ತೆಳು ಉಕ್ಕಿನ ನೆಲವೂ ಒಂದು ಜಾಗಟೆಯೇ. ಅದಕ್ಕೆ ಅಂಟಿಸಿದ ಬಿಟುಮೆನ್ ಹಾಳೆ, ಅಂದರೆ ಡಾಂಬರಿನ ಜಾತಿಯದು, ಕಂಪನದ ಶಕ್ತಿಯನ್ನು ಒಂದಿಷ್ಟು ಶಾಖವಾಗಿ ಬದಲಿಸುತ್ತೆ.

ಹಾಗಾದರೆ ತೆಗೆಯೋದ್ಯಾಕೆ? ಚಳಿಗಾಲದಲ್ಲಿ ಅಲ್ಲಿನ ರಸ್ತೆಗೆ ಉಪ್ಪು ಸುರೀತಾರೆ. ಬೂಟಿನ ಜೊತೆ ಬಂದ ಉಪ್ಪುನೀರು ಹಾಳೆಯಡಿ ಸೇರಿದರೆ ಒಣಗೋದೇ ಇಲ್ಲ. ಮೇಲೆ ಎಲ್ಲ ಚೆನ್ನಾಗಿ ಕಂಡರೂ ಕೆಳಗೆ ಉಕ್ಕು ತೂತಾಗ್ತಿರುತ್ತೆ.

ಬಿಸಿ ಮಾಡಿದರೆ ಬಿಟುಮೆನ್ ಬೆಲ್ಲದ ಪಾಕದ ಹಾಗೆ ಕೈಗೆಲ್ಲ ಅಂಟುತ್ತೆ. ತಣ್ಣಗಾದರೆ ಚಿಕ್ಕಿಯ ಹಾಗೆ ಚಟ್ ಅಂತ ಮುರಿಯುತ್ತೆ. ಡ್ರೈ ಐಸ್, ಅಂದರೆ ಘನರೂಪದ ಇಂಗಾಲದ ಡೈಆಕ್ಸೈಡ್, ಇರೋದು ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಸಣ್ಣ ಚೂರುಗಳನ್ನು ಹಾಳೆಯ ಮೇಲೆ ಹರಡಿ ಹತ್ತು-ಹದಿನೈದು ನಿಮಿಷ ಬಿಟ್ಟರೆ, ಬಿಟುಮೆನ್ ಗಾಜಿನಂತೆ ಗಡುಸಾಗುತ್ತೆ. ಜೊತೆಗೆ ಅದು ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಕುಗ್ಗೋದರಿಂದ ಅಂಟೂ ಸಡಿಲವಾಗುತ್ತೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಚೂರುಗಳನ್ನು ಎಬ್ಬಿಸಬಹುದು.

ಈಗ ಮುಖ್ಯವಾದ ಮಾತು. ಒಂದು ಕಿಲೋ ಡ್ರೈ ಐಸ್‌ನಿಂದ ಸುಮಾರು 540 ಲೀಟರ್ ಅನಿಲ ಬರುತ್ತೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ಶೇಖರವಾಗುತ್ತೆ. ನೀವು ಬಗ್ಗಿ ಕೆಲಸ ಮಾಡೋದೂ ಅಲ್ಲೇ! ಚಳಿ ಅಂತ ಗ್ಯಾರೇಜಿನ ಬಾಗಿಲು ಮುಚ್ಚಬೇಡಿ. ಕಾರನ್ನು ಹೊರಗೆ ನಿಲ್ಲಿಸಿ, ಎಲ್ಲ ಬಾಗಿಲು ತೆಗೆದಿಡಿ. ತಲೆ ಸುತ್ತಿದರೆ, ಉಸಿರಾಟ ಜೋರಾದರೆ ತಕ್ಷಣ ದೂರ ಹೋಗಿ. ದಪ್ಪ ಕೈಗವಸು, ಕನ್ನಡಕ ಬೇಕೇಬೇಕು. ಡ್ರೈ ಐಸನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟರೆ ಅದು ಸಿಡಿಯಬಹುದು. ತೀರಾ ಹಳೆ ಕಾರುಗಳ ಕೆಲವು ಲೇಪನಗಳಲ್ಲಿ ಆಸ್ಬೆಸ್ಟಾಸ್ ಇದ್ದದ್ದೂ ಉಂಟು. ಅನುಮಾನವಿದ್ದರೆ ಮುಟ್ಟುವ ಮೊದಲೇ ಪರೀಕ್ಷೆ ಮಾಡಿಸಿ.

ಹಾಳೆ ಹೋದ ಮೇಲೆ ತುಕ್ಕು ಕೆರೆದು, ಪ್ರೈಮರ್ ಬಳಿದು, ಒಣಗಿದ ಮೇಲೇ ಹೊಸ ಹಾಳೆ ಅಂಟಿಸಿ. ಇಲ್ಲದಿದ್ದರೆ ತುಕ್ಕಿಗೆ ಮತ್ತೆ ಹೊದಿಕೆ ಹೊದಿಸಿದ ಹಾಗೆ ಆಗುತ್ತೆ.